ಕಪ್ಪಿಗೆ ಕಪ್ಪು, ಕೆಂಪಿಗೆ ಕೆಂಪು

ಸಫ್ವಾನಾ, ಮೊದಲು ಆ ಬಳೆ ಬಿಚ್ಚಿಡು.
ಮೊಬೈಲು ಬ್ಯಾಗಿನಲ್ಲಿರಲಿ. ಶಾಲಿನ ತುದಿಯನ್ನು
ಕೋಟಿನ ಒಳಗೆ ತುರುಕು. ಹಾಂ, ಈಗ ಬಾ.

ಈ ಬಾಟಲಿ ನೋಡು. ನೀರಿನ ಹಾಗೇ ಉಂಟು,
ವಾಸನೆ ಇಲ್ಲ, ಬಣ್ಣ ಇಲ್ಲ, ಮುಟ್ಟಿದರೆ ಉರಿಯೂ ಇಲ್ಲ.
ಅದಕ್ಕೇ ನನಗೆ ಇದರ ಹೆದರಿಕೆ.
ಪಕ್ಕದ ಕುಪ್ಪಿ ಕೊಳೆತ ಮೊಟ್ಟೆಯಂತೆ ನಾರಿ
ದೂರ ನಿಲ್ಲು ಅನ್ನುತ್ತದೆ, ಮರ್ಯಾದಸ್ಥ ವಿಷ.
ಅಕ್ರಿಲಮೈಡ್ ಹಾಗಲ್ಲ. ಸದ್ದಿಲ್ಲದೆ ಚರ್ಮ ಇಳಿದು
ನರಗಳಲ್ಲಿ ಲೆಕ್ಕ ಬರೆಯುತ್ತಾ ಕೂರುತ್ತದೆ.

ನಾನು ಸೇರಿದ ವರ್ಷ ಗ್ಲೌಸಿನ ಪೆಟ್ಟಿಗೆಗೆ
ಕಪಾಟಿನ ಬೀಗ. ಇನ್‌ಸ್ಪೆಕ್ಷನ್ನಿಗೆ ಬೇಕಲ್ಲ!
ಬರಿಗೈಲಿ ಎರೆದೆ, ಬರಿಗೈಲಿ ತೊಳೆದೆ,
ಅದೇ ಕೈಲಿ ಬುತ್ತಿ ಬಿಚ್ಚಿದೆ.
ಈಗ ಎಡಗೈಯ ಎರಡು ಬೆರಳ ತುದಿಗೆ
ಸೂಜಿಯೂ ಒಂದೇ, ಮಲ್ಲಿಗೆಯೂ ಒಂದೇ.
ಮಂಗಳೂರಿನ ಡಾಕ್ಟರು ಅದರಿಂದಲೇ ಅನ್ನಲಿಲ್ಲ,
ಅಲ್ಲ ಅಂತಲೂ ಅನ್ನಲಿಲ್ಲ. ಶುಗರಿನ ಮಾತ್ರೆ ಬರೆದರು.

ಗ್ಲೌಸು ನಿನಗೆ ಮಾತ್ರ ಅಂದುಕೊಳ್ಳಬೇಡ.
ಹಾಕಿಕೊಂಡೇ ಬಾಗಿಲ ಹಿಡಿ ಮುಟ್ಟಿದೆಯೋ,
ನಾಳೆ ಏಳು ಗಂಟೆಗೆ ಅದನ್ನು ಹಿಡಿಯುವವಳು ಭಾಗೀರಥಿ,
ನೆಲ ಒರೆಸಲು ಪೈವಳಿಕೆಯಿಂದ ಎರಡು ಬಸ್ಸು ಹತ್ತಿ ಬರುವವಳು.
ಗೋಡೆಯ ಎಚ್ಚರಿಕೆ ಇಂಗ್ಲಿಷಿನಲ್ಲುಂಟು, ಮಲಯಾಳದಲ್ಲುಂಟು.
ಅವಳದು ಐದನೆಯ ಕ್ಲಾಸಿನ ಕನ್ನಡ.
ಕೆಳಗೆ ಮಾರ್ಕರಿನಲ್ಲಿ ಗೀಚಿದ್ದು ನಾನೇ:
ಈ ಸಿಂಕು ಮುಟ್ಟಬೇಡ ಭಾಗೀರಥೀ, ನಾನು ತೊಳೆಯುತ್ತೇನೆ.
ಆಡಿಟಿನವರು ಕೇಳಿದರು, ಎಂತದು ಹೆಸರು ಹಿಡಿದು ಬರೆದದ್ದು?
ಮತ್ತೆ ಯಾರ ಹೆಸರು ಹಿಡಿಯಲಿ.

ಗಾಜಿನ ಎರಡು ಹಲಗೆಯ ನಡುವೆ ಎರೆ, ನಿಧಾನ.
ಗಟ್ಟಿಯಾಯಿತೇ ಅಂತ ಬೆರಳಿಟ್ಟು ನೋಡಬಾರದು.
ಟ್ಯೂಬಿನಲ್ಲಿ ಉಳಿದದ್ದನ್ನು ಓರೆ ಮಾಡು,
ಅದು ಅಲುಗದಿದ್ದರೆ ಇದೂ ಅಲುಗದು.
ಗಟ್ಟಿಯಾದ ಮೇಲೆ ಸಾಧು ಅನ್ನುತ್ತಾರೆ. ಇರಬಹುದು.
ಸೇರದೆ ಉಳಿದ ನಾಲ್ಕು ಜನ ಎಲ್ಲ ಗುಂಪಿನಲ್ಲೂ ಇರುತ್ತಾರೆ.
ಗ್ಲೌಸು ತೆಗೆಯಬೇಡ.

ಕುಂಬಳೆ ಮಾರ್ಕೆಟಿನ ಬಂಗುಡೆ, ಅರೆದು ಸೋಸಿದ್ದು.
ಇದರದೇ ಒಂದು ತುಂಡು ತಿಂದು ನಿನ್ನ ತಮ್ಮ
ತುಟಿ ಊದಿ ಉಸಿರಿಗೆ ಒದ್ದಾಡಿದ್ದು, ಗೊತ್ತು.
ಐದು ನಿಮಿಷ ಕುದಿಸು, ಮುಚ್ಚಳಕ್ಕೆ ಕ್ಲಿಪ್ಪು ಹಾಕು,
ಹಾರಿದ ಮುಚ್ಚಳ ನೇರ ಕಣ್ಣಿಗೇ ಬರುತ್ತದೆ.
ಪ್ರೋಟೀನು ತನ್ನ ಗಂಟೆಲ್ಲ ಬಿಚ್ಚಿ ಬರೀ ನೂಲಾಗಲಿ.

ಕಪ್ಪಿಗೆ ಕಪ್ಪು, ಕೆಂಪಿಗೆ ಕೆಂಪು.
ಉಲ್ಟಾ ಕೊಟ್ಟರೆ ಮೂರು ದಿನದ ಕೆಲಸ
ಮೇಲಕ್ಕೆ ಹತ್ತಿ ನೀರು ಪಾಲು.
ತಂತಿಯಿಂದ ಸಣ್ಣ ಗುಳ್ಳೆ ಎದ್ದಿತೇ? ಸರಿ.
ನೀಲಿ ಗೆರೆ ಇಳಿಯುತ್ತದೆ, ಕೂತು ನೋಡು.

ಸೀತಾಂಗೋಳಿಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.
ಫ್ಯಾನು ನಿಧಾನವಾಯಿತು, ನಿಂತಿತು. ಗುಳ್ಳೆಯೂ.
ಈ ಟ್ಯಾಂಕು ಹಳೆಯದು, ಮುಚ್ಚಳ ಮುರಿದದ್ದು,
ಮೂರು ಸಲ ಇಂಡೆಂಟ್ ಹಾಕಿದ್ದೇನೆ.
ವಾಲಿದ ಗಾಜು ಸರಿಮಾಡಲು ಅವಳು
ಎರಡು ಬೆರಳು ಒಳಗಿಟ್ಟದ್ದು ನನಗೆ ಕಂಡದ್ದು
ಪ್ಲಗ್ಗು ಎಳೆದ ಮೇಲೆ.

ಯಾಕೆ ಎಳೆದೆ? ಕರೆಂಟು ಹೋದಾಗಲೆಲ್ಲ ಎಳೆಯುತ್ತೇನೆ,
ಅಷ್ಟೇ. ಅಭ್ಯಾಸ.
ಫ್ಯಾನು ಮತ್ತೆ ತಿರುಗಿತು. ಟ್ಯೂಬ್‌ಲೈಟು ಮಿಣುಕಿತು.
ಮೂರು ಹಲ್ಲಿನ ಪ್ಲಗ್ಗು ನನ್ನ ಕೈಯಲ್ಲಿ,
ಅವಳ ಕೈ ಇನ್ನೂ ನೀರಿನಲ್ಲಿ.
ನಾನು ಬೈಯಲಿಲ್ಲ. ಅವಳು ಸಾರಿ ಅನ್ನಲಿಲ್ಲ.
ಹೊರಗೆ ಬದಿಯಡ್ಕದ ಬಸ್ಸು ಹಾರ್ನು ಹೊಡೆದು ಹೋಯಿತು.

ಸಂಜೆ ಬಣ್ಣ ಬಿಟ್ಟ ಜೆಲ್ಲಿನಲ್ಲಿ, ತೀರಾ ಕೆಳಗೆ,
ಉಗುರಿನ ಗೀರಿನಷ್ಟು ನೀಲಿ.
ಇದೇನಾ ಅಕ್ಕಾ, ಹಾರಿಸ್‌ನನ್ನು ಊದಿಸಿದ್ದು?
ಗೊತ್ತಿಲ್ಲ ಮಾರಾಯ್ತಿ. ಆ ತೂಕದವರು
ಇನ್ನೂ ಹತ್ತು ಮಂದಿ ಇರುತ್ತಾರೆ. ನಾಳೆ ನೋಡುವ.

ಟ್ರೇ ಎತ್ತಿಕೊಂಡು ಅವಳು ಬಾಗಿಲ ಬಳಿ ನಿಂತಳು.
ಯೋಚಿಸಿದಳು. ಟ್ರೇಯನ್ನು ಎಡಗೈಗೆ ದಾಟಿಸಿ,
ಬಲಗೈಯ ಗ್ಲೌಸನ್ನು ಹಲ್ಲಿನಿಂದ ಎಳೆಯಹೋಗಿ
ನನ್ನ ಮುಖ ನೋಡಿ ನಿಲ್ಲಿಸಿದಳು.
ಟ್ರೇ ಕೆಳಗಿಟ್ಟಳು.
ಒಳಮೈ ಹೊರಗಾಗಿ ಗ್ಲೌಸು ತೆಗೆದಳು, ಕೈ ತೊಳೆದಳು.
ಬರಿಗೈಯಲ್ಲಿ ಹಿಡಿ ತಿರುಗಿಸಿದಳು.