ಕಾಲು ಮೀಟರು

ಅಂಗಡಿ ಖಾಲಿ ಮಾಡುವ ದಿನ
ಕಟಿಂಗ್ ಮೇಜಿನ ಕೆಳಗಿಂದ ಐದು ಗೋಣಿಚೀಲ ಹೊರಬಂದವು.
ನಾನು ಒಂದರ ಬಾಯಿ ಬಿಚ್ಚಿದೆ.
ಅಪ್ಪ ಕನ್ನಡಕ ಒರೆಸುವ ನೆಪದಲ್ಲಿ
ಬಿ.ಎಚ್. ರಸ್ತೆಯ ಲಾರಿಗಳನ್ನು ಎಣಿಸತೊಡಗಿದ.

ಅರಸೀಕೆರೆಯಲ್ಲಿ ಮೂವತ್ತೆಂಟು ವರ್ಷ
ವಿಠೋಬರಾವ್ ಟೈಲರ್ ಹೇಳಿದ್ದು ಒಂದೇ ಮಾತು:
‘ಬಟ್ಟೆ ಸರಿಹೋಯ್ತು ಸ್ವಾಮಿ, ಉಳೀಲಿಲ್ಲ.’

ಉಳಿದದ್ದೆಲ್ಲ ಇಲ್ಲಿತ್ತು.
ಕಾಲು ಮೀಟರು, ಗೇಣು, ಗೇಣಿಗೆ ಎರಡು ಬೆರಳು ಕಮ್ಮಿ.
ಗಾರ್ಡ್ ಆರೋಗ್ಯಪ್ಪನವರ ಬಿಳಿ ಡ್ರಿಲ್ಲು,
ಕೊಬ್ಬರಿ ಮಂಡಿ ರೇವಣಸಿದ್ದಪ್ಪನವರು
ತಮ್ಮನ ಮದುವೆಗೆ ಹೊಲಿಸಿದ ಸೂಟಿನ ಕಾಫಿ ಬಣ್ಣ,
ಉರ್ದು ಶಾಲೆಯ ಬುಡೇನ್ ಸಾಬರ ಬೂದಿ ಟೆರಿಕಾಟು,
ಯಾರದೋ ತೊಟ್ಟಿಲಿಗೆಂದು ಬಂದ ಹಳದಿ ಹೂವಿನ ಚೀಟಿ ಬಟ್ಟೆ,
ಇಲಿ ತಿಂದದ್ದು ಬಿಟ್ಟು ಮಿಕ್ಕದ್ದು,
ಡಾಂಬರು ಗುಳಿಗೆಯ ವಾಸನೆ ಕುಡಿದು ಕೂತದ್ದು.

‘ಸುಟ್ಟುಬಿಡು’ ಅಂದ ಅಪ್ಪ.
ನಾನು ಮೆಷಿನ್ನಿಗೆ ಎಣ್ಣೆ ಬಿಟ್ಟೆ.

ಚೀಲ ಹೊಲಿಯುವುದು ಸಲೀಸು.
ಕಾಲರಿಲ್ಲ, ತೋಳಿಲ್ಲ, ಟ್ರಯಲ್ ನೋಡಲು ಬಂದು
ಹೊಟ್ಟೆ ಒಳಗೆಳೆದು ನಿಲ್ಲುವ ಗಿರಾಕಿಯಿಲ್ಲ.
ತಳ ಮಾತ್ರ ಎರಡು ಸಲ ಹೊಡೆಯಬೇಕು,
ನಂಬಿ ತೆಂಗಿನಕಾಯಿ ಹಾಕುವವರ ಊರು ಇದು.

ಅಳತೆ ಪುಸ್ತಕಗಳೂ ಇದ್ದವು, ಹನ್ನೊಂದು.
ಹಾಳೆ ಹರಿದು ಮೈದಾ ಅಂಟಿನಲ್ಲಿ ಪೊಟ್ಟಣ ಮಾಡಿದೆ,
ಬರಿ ಚೀಲ ಕೊಡಬಾರದಂತೆ.
ಒಳಗೆ ಆರಾರು ಗುಂಡಿ. ಸೂಜಿ ಇಡಲಿಲ್ಲ,
ಜಗಳವಾಗುತ್ತದಂತೆ.
ಹೊರಗೆ ಅಪ್ಪನ ಪೆನ್ಸಿಲ್ಲು:
ಆರೋಗ್ಯಪ್ಪ, ಸೊಂಟ ಇಪ್ಪತ್ತೆಂಟು.
ಆರೋಗ್ಯಪ್ಪ, ಮೂವತ್ತೊಂದು, ಬಡ್ತಿ.
ಆರೋಗ್ಯಪ್ಪ, ಮೂವತ್ತಾರು, ಸ್ವಲ್ಪ ಲೂಸ್ ಇರಲಿ.
ಆರೋಗ್ಯಪ್ಪ, ಮೂವತ್ತು.
ಆ ವರ್ಷ ಅವರ ಹೆಂಡತಿ ಹೋಗಿದ್ದರು.
ಅಪ್ಪ ಅದನ್ನೇನೂ ಬರೆದಿಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ
ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೊರಟೆ.
‘ಅಪ್ಪ ಕೊಟ್ಟರು, ಅಂಗಡಿ ನೆನಪಿಗೆ.’
ಸುಳ್ಳು. ಅಪ್ಪ ಕೊಟ್ಟಿರಲಿಲ್ಲ,
ಮೂವತ್ತೆಂಟು ವರ್ಷ ಕೊಟ್ಟಿರಲಿಲ್ಲ.

ಬುಡೇನ್ ಸಾಬರು ಚೀಲವನ್ನು ಮೂಗಿಗೆ ಹಿಡಿದು ನಕ್ಕರು.
ಗಾರ್ಡ್ ಸಾಹೇಬರು ಪೊಟ್ಟಣ ಓದುತ್ತ ಬಾಗಿಲಲ್ಲೇ ನಿಂತರು,
ಗುಂಡಿ ಸುರಿದುಕೊಳ್ಳದೆ ಹಾಗೇ ಜೇಬಿಗಿಟ್ಟರು.
ತಮ್ಮ ಬಟ್ಟೆಯ ಗುರುತು ಯಾರೂ ಹಿಡಿದಂತೆ ಕಾಣಲಿಲ್ಲ,
ಹಿಡಿದರೂ ಆಡಿ ತೋರಿಸುವ ಜನ ಅಲ್ಲ.

ಮಂಡಿಯವರ ಮನೆಯಲ್ಲಿ ಶಾಂತವೀರಮ್ಮ
ಚೀಲವನ್ನು ಒಳಹೊರಗು ಮಾಡಿ, ಹೊಲಿಗೆ ನೋಡಿ,
‘ಇದು ನಮ್ಮೋರ ಸೂಟು’ ಅಂದರು.
ನನ್ನ ಕಿವಿ ಬಿಸಿಯಾಯಿತು.
‘ಕಾಲು ಮೀಟ್ರು ಜಾಸ್ತಿ ಕುಯ್ಸಿ ಅಂತ ನಾನೇ ಅಂತಿದ್ದೆ ಕಣವ್ವ,
ನಿಮ್ಮಪ್ಪ ಕೇಳೋ ಆಳಲ್ಲ.
ನೀನು ಮೂರು ಬಣ್ಣದ ಫ್ರಾಕ್ ಹಾಕ್ಕೊಂಡು ಸ್ಕೂಲಿಗೆ ಹೋಗೋಳು,
ಎಡಗಡೆ ತೋಳು ನಮ್ದು ಅಂತ
ಇವ್ರು ಮಂಡೀಲಿ ಹೇಳ್ಕೊಂಡು ನಗೋರು.’

ಅಂದರೆ ನಾನು ಆ ಬೀದಿಯಲ್ಲಿ ನಡೆಯುವಾಗ
ಊರು ತನ್ನ ತನ್ನ ತುಂಡು ನೋಡಿಕೊಳ್ಳುತ್ತಿತ್ತು.
ನಾಚಿಕೆಯೋ ಮತ್ತೊಂದೋ,
ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಅವರು ಅದೇ ಚೀಲಕ್ಕೆ ಎರಡು ಉಂಡೆ ಕೊಬ್ಬರಿ ಹಾಕಿ
ನನ್ನ ಕೈಗೇ ಕೊಟ್ಟು,
‘ಚೀಲ ಮರೀದೆ ತಂದ್ಕೊಡು ಮತ್ತೆ’ ಅಂದರು.

ಸಂಜೆ ಅಪ್ಪನಿಗೆ ಏನೂ ಹೇಳಲಿಲ್ಲ.
ಪೊರೆ ಬಂದ ಕಣ್ಣು ಮುಚ್ಚಿಕೊಂಡು
ಹೆಬ್ಬೆರಳಿನಿಂದ ತಳ ಸವರಿ ಕೇಳಿದ:
‘ಎರಡು ಸಲ ಹೊಡೆದಿದೀಯ?’
‘ಹೂಂ.’
‘ನೂಲು ದಂಡ.’

ಬೆರಳು ಮಾತ್ರ ಚೀಲದ ಮೇಲೆ
ಗೇಣು ಹಾಕುತ್ತಲೇ ಇತ್ತು.