ಬಿಟ್ಟುಹೋದ ಆರ್

ಲಫ್‌ಬರ ಎಂಬ ಊರಿನ ಹೆಸರಲ್ಲೇ ಎರಡು ಸಲ ಬರುತ್ತವೆ
ಓ, ಯು, ಜಿ, ಎಚ್.
ಒಮ್ಮೆ ‘ಅಫ್’ ಎಂದು ಉಸಿರು ಬಿಡುತ್ತವೆ,
ಇನ್ನೊಮ್ಮೆ ಅರ್ಧ ನುಂಗಿದ ‘ಅ’, ಅಷ್ಟೇ.
ಸಿರಿಲ್ ಓಲ್ಡರ್‌ಶಾ ಹುಟ್ಟಿ ಬೆಳೆದದ್ದು ಇಲ್ಲೇ.
ರೈಲು ನಿಲ್ದಾಣದ ಹಲಗೆಯನ್ನು ಎಪ್ಪತ್ತಮೂರು ವರ್ಷ
ಉದ್ದ ನೋಡಿಯೇ ಗುರುತು ಹಿಡಿದವನು,
ಕಣ್ಣು ಮಂಜಾದವರು ನಡಿಗೆ ನೋಡಿ ಮನೆಮಂದಿಯನ್ನು ಹಿಡಿವಂತೆ.

ಮಂಗಳವಾರ ಸಂಜೆ. ಲೈಬ್ರರಿಯ ಹಿಂದಿನ ಕೋಣೆ.
ಹೀಟರಿಗೆ ಒಂದೇ ಮಗ್ಗುಲು ಬಿಸಿ; ಆ ಮಗ್ಗುಲಲ್ಲಿ ನಾನು.
ಹೇತಲ್ ಸೋಲಂಕಿ, ಹಗಲು ಕನ್ನಡಕದಂಗಡಿ, ಸಂಜೆ ಪುಕ್ಕಟೆ ಪಾಠ,
ಚೀಟಿಗಳನ್ನು ಇಸ್ಪೀಟಿನಂತೆ ಹರಡುತ್ತಾಳೆ.
ಕಾಫ್, ಕೆಮ್ಮು. ಡೋ, ನಾದಿದ ಹಿಟ್ಟು.
ಬೌ, ಕೊಂಬೆ. ರಫ್, ಒರಟು. ಥಾಟ್, ಯೋಚನೆ.
ಎಲ್ಲದರ ಹೊಟ್ಟೆಯಲ್ಲೂ ಅದೇ ನಾಲ್ಕು ಅಕ್ಷರ,
ಒಂದರ ದನಿ ಇನ್ನೊಂದಕ್ಕಿಲ್ಲ.

ನನ್ನ ಲಿಪಿಯಲ್ಲಿ ಬರೆದುಕೊಂಡೆ. ನೋಡಿದರೆ ನೆಂಟಸ್ತಿಕೆಯೇ ಮಾಯ!
ಕಾಫ್‌ಗೆ ಡೋ ಯಾರೋ, ಡೋಗೆ ಬೌ ಯಾರೋ.
ನಮ್ಮ ಅಕ್ಷರ ಬಾಯಿಬಡುಕ,
ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದು.

‘ಈ ಜಿ, ಈ ಎಚ್ ಯಾಕೆ, ಮಿ ಡಕ್,
ಕೂಲಿ ಕೊಟ್ಟು ಸುಮ್ಮನೆ ಕೂರಿಸಿದ ಹಾಗೆ?’
(ಆ ಸೀಮೆಯಲ್ಲಿ ಎಲ್ಲರಿಗೂ ಎಲ್ಲರೂ ಬಾತುಕೋಳಿಗಳೇ.)
‘ಹಿಂದೆ ಅವಕ್ಕೂ ದನಿಯಿತ್ತು,
ಗಂಟಲ ತಳದಿಂದ ಕೆರೆದು ತೆಗೆವ ದನಿ.
ಬಾಯಿ ಬಿಟ್ಟುಬಿಟ್ಟಿತು, ಕೈ ಬಿಡಲಿಲ್ಲ.’
‘ಹೇಗಿತ್ತು?’
ಮಾಡಿ ತೋರಿಸಲು ಹೋಗಿ ನಾಚಿದಳು.
ಅಷ್ಟರಲ್ಲಿ ಸಿರಿಲ್‌ಗೆ ಕೆಮ್ಮು ಬಂತು.
ನಲವತ್ತೊಂದು ವರ್ಷದ ಗಂಟೆ ಎರಕದ ಕೆಮ್ಮು:
ಜೇಡಿ, ಕುದುರೆ ಲದ್ದಿ, ಆಡಿನ ಕೂದಲು
ಕಲಸಿ ಮೆತ್ತಿದ ಅಚ್ಚಿನ ದೂಳೆಲ್ಲ
ಒಳಗಿಂದ ಕೆರೆದುಕೊಂಡು ಮೇಲೆ ಬಂತು.
‘ಅದೇ,’ ಎಂದಳು ಹೇತಲ್. ‘ಅದೇ ಅದು.’

ಅವನ ಕೆಲಸ ಅಕ್ಷರ ಒತ್ತುವುದು.
ಹಸಿ ಅಚ್ಚಿನೊಳಗೆ ತಲೆ ತೂರಿಸಿ, ಚೀಟಿ ನೋಡಿ, ಒಂದೊಂದಾಗಿ,
ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ.
ಓದು ಬಂದವರ ಕೈ ತಡವರಿಸುತ್ತಿತ್ತು, ಇವನದಿಲ್ಲ.
ಓ ಉಂಗುರ. ಯು ಲಾಳ. ಜಿ ಕೊಕ್ಕೆ. ಎಚ್ ಏಣಿ.
ಒಳಗೆ ಇಳಿದರೆ ಏಣಿ ಯಾವ ಕಡೆಯಿಂದಲೂ ಏಣಿಯೇ.

ಹೇತಲ್ ಮುಂದಿನ ಚೀಟಿ ಇಟ್ಟಳು. ಥ್ರೂ: ಮೂಲಕ.
ಒಂದು ಅಕ್ಷರದ ಮೇಲೆ ಹೆಬ್ಬೆರಳೊತ್ತಿ ಮುಚ್ಚಿದಳು.
‘ಆರ್ ಹೋಯಿತು. ಈಗ ಇದು ದೋ.
ದೋ ಅಂದರೆ, ಆದರೂ.’
ಬೆರಳು ತೆಗೆದಳು: ಮೂಲಕ. ಇಟ್ಟಳು: ಆದರೂ.
ಇನ್ನೊಂದು ಸಲ, ಎಂದ ಸಿರಿಲ್.
ಇನ್ನೊಂದು ಸಲ.

ಎಪ್ಪತ್ತೊಂಬತ್ತನೇ ಇಸವಿ. ಯಾವುದೋ ಸಣ್ಣ ಊರಿನ ಚರ್ಚಿನ ಗಂಟೆ.
‘ನನ್ನ ಮೂಲಕ ಎಚ್ಚರಾಗಲಿ ಊರು’ ಎಂದಿರಬೇಕಿತ್ತು.
ತಿಂಗಳು ಕಳೆದು ಪಾದ್ರಿಯ ಕಾಗದ ಬಂತು,
ಫೋರ್‌ಮನ್ ಓದಿದ, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ,
ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.
ಸಿರಿಲ್ಲೂ ಹೋಗಿ
ಓದುವವರು ನಿಲ್ಲುವಷ್ಟು ಹೊತ್ತು ನಿಂತು
ನಕ್ಕು ಬಂದಿದ್ದ.

ಯಾಕೆಂದು ಇವತ್ತು ಗೊತ್ತಾಯಿತು,
ನಕ್ಕವರಲ್ಲಿ ಒಬ್ಬರೂ ಉಳಿದಿಲ್ಲದಾಗ.

‘ಆ ಗಂಟೆ?’ ಕೇಳಿದಳು ಹೇತಲ್.
‘ಕರಗಿಸಿ ಮತ್ತೆ ಹೊಯ್ಯಲು ಕಾಸು ಯಾರು ಕೊಡುತ್ತಾರೆ?
ಇದೆ ಮೇಲೆ. ಭಾನುವಾರ ಹೊಡೆಯುತ್ತಾರೆ.
ಶ್ರುತಿ ಸರಿಯಿದೆ.’

ಎಂಟಕ್ಕೆ ದೀಪ ಆರಿಸುವವ ಬಂದ.
ಸಿರಿಲ್ ಟೋಪಿ ಇಟ್ಟುಕೊಂಡು ಹೊರಟ; ದೂರದವರೆಗೂ
ಆ ಹಳೆಯ ದನಿ ಕೆಮ್ಮುತ್ತಾ ಹೋಯಿತು.
ಹೇತಲ್ ಚೀಟಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು,
ಮೇಜಿನ ಕೆಳಗೆ ಬಗ್ಗಿಯೂ ನೋಡಿದಳು.
ಹನ್ನೊಂದಿರಬೇಕಾದಲ್ಲಿ ಹತ್ತು.