ರಾಶಿಯೊಳಗೊಂದು ಮಸೂರ

ಬೆಟಗೇರಿಯ ಬೇಳೆ ಮಿಲ್ಲಿನ ತಗಡಿನ ಶೆಡ್ಡಿಗೆ ಹೊಂದಿ
ಒಂದು ಸಿಮೆಂಟಿನ ಕಟ್ಟೆ. ಲಾರಿ ತಡವಾದ ರಾತ್ರಿ
ಅಲ್ಲೇ ದೂರದರ್ಶಕ ಊರುತ್ತೇನೆ.
ಕಾಟಾ ಬರೆಯುವ ಗುಮಾಸ್ತನಿಗೆ
ಆರು ಇಂಚಿನ ಕನ್ನಡಿ ಬಹಳಾಯಿತು, ಅನ್ನುತ್ತಾರೆ ಹಮಾಲರು.

ಚೈತ್ರ ಕಳೆದಿದೆ. ನೆತ್ತಿಯ ಮೇಲೆ ಕನ್ಯಾ ರಾಶಿ.
ಬರಿಗಣ್ಣಿಗೆ ಚಿತ್ತಾ ಒಂದೇ;
ಕೊಳವೆಯೊಳಗೆ, ಉಸಿರು ಬಿಟ್ಟ ಗಾಜಿನ ಮೇಲಿನ
ಮಬ್ಬಿನಷ್ಟು ಒಂದು ಗೀರು.
ಐದು ಕೋಟಿ ವರ್ಷ ನಡೆದು ಬಂದ ಬೆಳಕು,
ಬಂದು ಮುಟ್ಟಿದ್ದು ಈ ಹೊಟ್ಟಿನ ಧೂಳಿಗೆ.

ಹೊಂಬಳದ ಶಿವಗಂಗವ್ವ ಮೊರ ಕೆಳಗಿಟ್ಟು ಬಂದಳು.
ಒಂದು ಕಣ್ಣಿಗೆ ಸೆರಗು ಒತ್ತಿ ಬಗ್ಗಿದಳು.
‘ಏನೂ ಇಲ್ಲಲ್ಲೋ.’
ನೆಟ್ಟಗ ನೋಡಬ್ಯಾಡ, ಬಾಜೂಕ ನೋಡು.
‘ಹಾಂ… ಐತಿ, ಐತಿ. ಅಂಚಿಗೆ ನಿಂತ ಚನ್ನಂಗಿ ಕಾಳು.’

ಅದರ ಹೆಸರೇ ಅದು, ಎಂದೆ. ಮಸೂರ.
ಓದಿದವರೂ ನಿನ್ನ ಹಾಗೇ ಕಾಳು ನೋಡಿ ಕರೆದರು.
ಸುತ್ತ ಇಂಥವು ಸಾವಿರಕ್ಕೂ ಹೆಚ್ಚು,
ಒಂದೇ ಕಣದಲ್ಲಿ ಸುರಿದ ರಾಶಿ;
ನಡುವೆಲ್ಲ ಕಾಣದ, ಕಾದ ಗಾಳಿ.
ಅದರೊಳಗೆ ಓಡುತ್ತ ಓಡುತ್ತ
ಇದರ ಮೈಯ ಅನಿಲ ಹಾರಿಹೋಯಿತು.
ಸುರುಳಿ ತೋಳು ಇದ್ದವೇನೋ ಒಮ್ಮೆ.
ಈಗ ಬರೀ ತಟ್ಟೆ, ನಡುವೆ ಉಬ್ಬು.

‘ತೂರ್ಯಾರ ಅನ್ನು,’ ಅಂದಳು.
‘ಹೊಟ್ಟು ಹೋತು, ಕಾಳು ಉಳೀತು. ಚೊಲೋನ ಆತಲ್ಲ?’

ಹೋದದ್ದು ಹೊಟ್ಟಲ್ಲವ್ವ, ಬೀಜ.
ಇನ್ನು ಅಲ್ಲಿ ಹೊಸ ಚುಕ್ಕಿ ಹುಟ್ಟುವುದಿಲ್ಲ.
ಇದ್ದ ಮುದಿ ಚುಕ್ಕಿಗಳೇ
ಕೆಂಪಗೆ ಉರಿಯುತ್ತಿರಬೇಕು, ಅಷ್ಟೆ.

ಅವಳು ಮಾತಾಡಲಿಲ್ಲ.
ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದಿತು.
ದೂರದ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೇ ಮಿಟುಕಿ ಒಟ್ಟಿಗೇ ಆರಿದವು.
ಹೀಗೆ ಹೇಳಬಾರದಿತ್ತು.
ಯಾಕೆಂದು ನನಗೂ ಗೊತ್ತು, ಹಮಾಲರಿಗೂ ಗೊತ್ತು.
ಸುಮ್ಮನೆ ಕೊಳವೆಯ ತಿರುಪು ತಿರುವುತ್ತ ನಿಂತೆ,
ತಿರುವಲು ಏನೂ ಉಳಿದಿರಲಿಲ್ಲ.

ಮೂರಕ್ಕೆ ಲಾರಿ ಬಂತು, ಭೋಪಾಳದ ಕಡೆಯ ಮಾಲು.
ಬೆಳಗಾದ ಮೇಲೆ, ಗಿರಣಿಯ ಬಾಯಿಂದ
ಬೆಚ್ಚಗೆ ಸುರಿಯುವುದರಲ್ಲಿ ಒಂದು ಹಿಡಿ ತಂದು
ನನ್ನ ಲೆಕ್ಕದ ಪುಸ್ತಕದ ಮೇಲೆ ಸುರುವಿದಳು:
ಸಿಪ್ಪೆ ಬಿಟ್ಟದ್ದು, ಇಬ್ಭಾಗವಾದದ್ದು,
ರಾತ್ರಿ ನಾನು ಹೇಳಿದ ಅದೇ ಕೆಂಪು.

‘ಇದನ್ನ ಬಿತ್ತು ನೋಡೂಣು. ಹುಟ್ಟತೈತೇನು?’
ಇಲ್ಲ.
‘ಮತ್ತ ಊರೆಲ್ಲಾ ಏನ ಉಣ್ಣತೈತಿ?’

ಮೊರ ಎತ್ತಿಕೊಂಡು ಹೋದಳು.
ನಿನ್ನೆಯ ತೂಕದ ಸಾಲುಗಳ ಮೇಲೆ
ಚೆಲ್ಲಿ ಉಳಿದ ಬೇಳೆ.
ಎಣಿಸಲಿಲ್ಲ.
ಊದಲೂ ಇಲ್ಲ.